ಸಣ್ಣ ಸಂಸ್ಥೆಗೆ ಎಷ್ಟು ಐಪಿ ವಿಳಾಸ ಸಿಗುತ್ತದೆ? ಏಪ್‌ನಿಕ್ ನಿಯಮಗಳ ಟಿಪ್ಪಣಿ

ಏಷ್ಯಾ-ಪೆಸಿಫಿಕ್ ಭಾಗಕ್ಕೆ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಯಂತ್ರವನ್ನು ಗುರುತಿಸುವ ನಂಬರ್) ಹಂಚುವುದು ಏಪ್‌ನಿಕ್. ಕಚೇರಿ ಬ್ರಿಸ್ಬೇನ್‌ನಲ್ಲಿದೆ. ಭಾರತದಲ್ಲಿ ಈ ಕೆಲಸಕ್ಕೆ ನಿಕ್ಸಿ (ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ) ನಡೆಸುವ ಐರಿನ್ ಇದೆ. ಇಬ್ಬರದೂ ಮೂಲ ನಿಯಮ ಒಂದೇ.

ಮೊದಲು ಲೆಕ್ಕ ನೆನಪಿರಲಿ. ವಿಳಾಸ ಸಿಗುವುದು ಗುಂಪಾಗಿ, ಅಂದರೆ ಬ್ಲಾಕ್ ಲೆಕ್ಕದಲ್ಲಿ. ಹಳೆಯ ಐಪಿವಿ4ರಲ್ಲಿ /24 ಎಂಬ ಬ್ಲಾಕ್ ಅಂದರೆ 256 ವಿಳಾಸ. ಗೀಟಿನ ಮುಂದಿನ ಅಂಕಿ ಒಂದು ಕಡಿಮೆಯಾದರೆ ವಿಳಾಸ ದುಪ್ಪಟ್ಟು: /23ರಲ್ಲಿ 512, /22ರಲ್ಲಿ 1024.

ಹಿಂದೆ ಏಪ್‌ನಿಕ್ ಕೊಡುತ್ತಿದ್ದ ಕನಿಷ್ಠ ಬ್ಲಾಕೇ /20, ಅಂದರೆ 4096 ವಿಳಾಸ. ಅಷ್ಟು ಬೇಕು ಎಂದು ತೋರಿಸಲಾಗದ ಸಣ್ಣವರು ತಮ್ಮ ಇಂಟರ್ನೆಟ್ ಕಂಪನಿಯಿಂದಲೇ ವಿಳಾಸ ಪಡೆಯಬೇಕಿತ್ತು. ಕಂಪನಿ ಬದಲಿಸಿದರೆ ವಿಳಾಸ ವಾಪಸ್. ಸರ್ವರ್, ಫೈರ್‌ವಾಲ್, ಡಿಎನ್‌ಎಸ್ ಎಲ್ಲ ಕಡೆ ಹೊಸ ನಂಬರ್ ಹಾಕಬೇಕು. ಬಾಡಿಗೆ ಮನೆ ಬದಲಿಸಿದ ಹಾಗೇ, ಅಲ್ವಾ?

ಇದು ಸುಮ್ನೆ ಜಿಪುಣತನ ಅಲ್ಲ. ಹೊರಗೆ ಸಾರುವ ಪ್ರತಿ ಬ್ಲಾಕಿಗೂ ಜಗತ್ತಿನ ದೊಡ್ಡ ರೂಟರ್‌ಗಳ ಪಟ್ಟಿಯಲ್ಲಿ ಒಂದು ಸಾಲು ಬೇಕು. ಚೂರು ಚೂರಾಗಿ ಕೊಟ್ಟಷ್ಟೂ ಪಟ್ಟಿ ಉದ್ದವಾಗುತ್ತದೆ. ಅದಕ್ಕೇ ಇಂದಿಗೂ /24ಕ್ಕಿಂತ ಸಣ್ಣ ಬ್ಲಾಕನ್ನು ಹೆಚ್ಚಿನ ನೆಟ್‌ವರ್ಕ್‌ಗಳು ಒಪ್ಪುವುದಿಲ್ಲ. 64 ವಿಳಾಸ ಸಾಕು ಎನ್ನುವವರಿಗೂ 256 ಕೊಡಬೇಕಾಗುವುದು ಇದರಿಂದಲೇ.

ಎರಡು ಕಂಪನಿಗಳಿಂದ ಸಂಪರ್ಕ ಪಡೆಯುವ ಸಣ್ಣ ಸಂಸ್ಥೆಗಳಿಗೆ ಬೇರೆ ದಾರಿ ಇದೆ. ಇದು ಮಲ್ಟಿಹೋಮಿಂಗ್ ನಿಯಮ. ಕೇಳಿದ ವಿಳಾಸಗಳಲ್ಲಿ 25% ತಕ್ಷಣ, 50% ಒಂದು ವರ್ಷದೊಳಗೆ ಬಳಸುತ್ತೇವೆ ಎಂದು ತೋರಿಸಬೇಕು. /24 ಕೇಳಿದರೆ ಈಗ 64, ವರ್ಷದೊಳಗೆ 128. ಚಿಕ್ಕ ಕಾಲೇಜೊಂದೂ ತೋರಿಸಬಹುದಾದ ಲೆಕ್ಕ.

ಆಟ ನಿಜವಾಗಿ ಬದಲಾಗಿದ್ದು 2011ರಲ್ಲಿ. ಫೆಬ್ರವರಿ 3ರಂದು, ಇಡೀ ಜಗತ್ತಿನ ವಿಳಾಸಗಳ ಮೂಲ ದಾಸ್ತಾನು ನೋಡಿಕೊಳ್ಳುವ ಐಯಾನಾ ತನ್ನ ಬಳಿ ಉಳಿದಿದ್ದ ಐದು /8 ಬ್ಲಾಕ್‌ಗಳನ್ನು ಐದು ಪ್ರಾದೇಶಿಕ ಸಂಸ್ಥೆಗಳಿಗೆ ಒಂದೊಂದರಂತೆ ಹಂಚಿತು. ಏಪ್‌ನಿಕ್‌ಗೆ ಬಂದದ್ದು 103ರಿಂದ ಶುರುವಾಗುವ ಬ್ಲಾಕ್. ಏಪ್ರಿಲ್ 15ಕ್ಕೆ ಬೇರೆ ದಾಸ್ತಾನು ಮುಗಿದು ಅದನ್ನೇ ಮುಟ್ಟುವ ಸ್ಥಿತಿ ಬಂತು. ಆಗಿನಿಂದ ದೊಡ್ಡ ಟೆಲಿಕಾಂ ಆದರೂ ಸರಿ, ತಾಲ್ಲೂಕಿನ ಕೇಬಲ್ ಆಪರೇಟರ್ ಆದರೂ ಸರಿ, ಅದರಿಂದ ಒಬ್ಬ ಸದಸ್ಯರಿಗೆ ಗರಿಷ್ಠ /22. ಒಂದು /8ರಲ್ಲಿ ಇಂಥ 16,384 ಬ್ಲಾಕ್ ಆಗುತ್ತವೆ. 2019ರಲ್ಲಿ ಮಿತಿ /23ಕ್ಕೆ ಇಳಿಯಿತು. ನನಗನಿಸುವಂತೆ ಸಣ್ಣವರಿಗೆ ಸಮಪಾಲು ಸಿಕ್ಕಿದ್ದು ವಿಳಾಸ ಧಾರಾಳವಾಗಿದ್ದಾಗ ಅಲ್ಲ, ಮುಗಿಯುತ್ತಾ ಬಂದಾಗ.

ಹೊಸ ಬಗೆಯ ಐಪಿವಿ6ನಲ್ಲಿ ಈ ತಾಪತ್ರಯ ಇಲ್ಲ. ಅಲ್ಲಿ ವಿಳಾಸವೇ ತುಂಬಾ ಉದ್ದ, ಹಾಗಾಗಿ /48 ಕೂಡ ಭಾರಿ ದೊಡ್ಡ ಬ್ಲಾಕ್. ಸಾಮಾನ್ಯ ಸಂಸ್ಥೆಗೆ /48, ಇಂಟರ್ನೆಟ್ ಕಂಪನಿಗೆ ಕನಿಷ್ಠ /32. ಒಂದು /48ರಲ್ಲೇ 65,536 ಸಬ್‌ನೆಟ್ (ಒಳಗಿನ ಸಣ್ಣ ನೆಟ್‌ವರ್ಕ್) ಇರುತ್ತವೆ.

ಇನ್ನೊಂದು ನಿಯಮ ಜಾಸ್ತಿ ಜನ ಮರೆಯುತ್ತಾರೆ. 103 ಬ್ಲಾಕಿನಿಂದ ಪಡೆದ ವಿಳಾಸಗಳನ್ನು ಐದು ವರ್ಷ ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ಇಲ್ಲದಿದ್ದರೆ ಹೆಸರಿಗೊಂದು ಕಂಪನಿ ತೆರೆದು, ಬ್ಲಾಕ್ ತಗೊಂಡು, ಮಾರುಕಟ್ಟೆಯಲ್ಲಿ ಮಾರಿಬಿಡಬಹುದಿತ್ತು.