ಪಾಪ ತೂಗುವ ತಕ್ಕಡಿ

ಹಸಿದವನೊಬ್ಬ ಒಂದು ರೊಟ್ಟಿ ಎತ್ತಿಕೊಂಡು ಓಡಿದ. ಇದು ಪಾಪವೇ? ಕಥೋಲಿಕ ಚಿಂತಕ ಸಂತ ಥಾಮಸ್ ಅಕ್ವಿನಾಸ್ 13ನೇ ಶತಮಾನದಲ್ಲೇ ಇದಕ್ಕೆ ಉತ್ತರ ಬರೆದಿಟ್ಟಿದ್ದಾರೆ. ಜೀವ ಹೋಗುವಂಥ ಹಸಿವಿದ್ದು ಬೇರೆ ದಾರಿಯೇ ಇಲ್ಲದಿದ್ದರೆ ಅದು ಕಳ್ಳತನವೇ ಅಲ್ಲ ಅಂದರು. ಮಾಡಿದ್ದೇನು, ಯಾಕೆ ಮಾಡಿದ, ಎಂಥ ಸಂದರ್ಭ ಎಂಬ ಮೂರನ್ನೂ ನೋಡಿಯೇ ತೂಗಬೇಕು ಅನ್ನುವುದು ಕಥೋಲಿಕ ನೀತಿಬೋಧೆಯ ಬುನಾದಿ. ಜಗಳ ಇರುವುದೆಲ್ಲ ತಕ್ಕಡಿ ಯಾರ ಕೈಯಲ್ಲಿರಬೇಕು ಅನ್ನುವುದರಲ್ಲಿ.

ಮೊದಮೊದಲು ಅದು ಪುಸ್ತಕದ ಕೈಯಲ್ಲಿತ್ತು. 6ನೇ ಶತಮಾನದ ಹೊತ್ತಿಗೆ ಐರ್ಲೆಂಡಿನ ಸನ್ಯಾಸಿಗಳು ಪ್ರಾಯಶ್ಚಿತ್ತದ ಕೈಪಿಡಿಗಳನ್ನು ಬರೆದಿಟ್ಟುಕೊಂಡಿದ್ದರು. ನೋಡಿದರೆ ಥೇಟ್ ದರಪಟ್ಟಿ! ಅಂಥದ್ದೊಂದರಲ್ಲಿ, ಇನ್ನೊಬ್ಬನನ್ನು ಹೊಡೆಯಲು ಸಂಚು ಹೂಡಿದವನು ಪಾದ್ರಿಯಾದರೆ ಅರ್ಧ ವರ್ಷ ರೊಟ್ಟಿ ನೀರಿನ ಉಪವಾಸ. ಸಾಮಾನ್ಯನಾದರೆ ಒಂದೇ ವಾರ. ತಿಳಿದವನ ತಪ್ಪಿಗೆ ತೂಕ ಜಾಸ್ತಿ ಅನ್ನುವ ಲೆಕ್ಕ. ಒಬ್ಬೊಬ್ಬರ ಪುಸ್ತಕದಲ್ಲಿ ಒಂದೊಂದು ದರ ಇದ್ದದ್ದರಿಂದ ಗೊಂದಲವಾಗಿ, 829ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಧರ್ಮಾಧ್ಯಕ್ಷರು (ಬಿಷಪ್‌ಗಳು) ಇವನ್ನು ಸುಟ್ಟುಹಾಕಿ ಅಂದುಬಿಟ್ಟರು. ಸುಟ್ಟಷ್ಟಕ್ಕೇ ಅವು ಹೋಗಲಿಲ್ಲ ಅನ್ನಿ.

1215ರಲ್ಲಿ ಧರ್ಮಾಧ್ಯಕ್ಷರೆಲ್ಲ ರೋಮ್‌ನಲ್ಲಿ ಸೇರಿದ ಲ್ಯಾಟರನ್ ಮಹಾಸಭೆ, ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ, ಅಂದರೆ ಗುರುವಿನ (ಪಾದ್ರಿಯ) ಮುಂದೆ ತಪ್ಪೊಪ್ಪಿಗೆ, ಮಾಡಲೇಬೇಕು ಎಂದು ನಿಯಮ ಮಾಡಿತು. ಕೇಳಿದ್ದನ್ನು ಹೊರಗೆ ಬಾಯಿಬಿಟ್ಟ ಗುರುವಿಗೆ ಪದವಿ ಹೋಗಿ, ಜೀವನವಿಡೀ ಮಠದಲ್ಲಿ ಪ್ರಾಯಶ್ಚಿತ್ತ. 1551ರಲ್ಲಿ ಟ್ರೆಂಟ್ ಮಹಾಸಭೆ ಇನ್ನೂ ಬಿಗಿಮಾಡಿತು: ಮಾರಕ ಪಾಪಗಳನ್ನು, ಅಂದರೆ ಆತ್ಮಕ್ಕೇ ಸಾವು ತರುವಂಥ ದೊಡ್ಡ ಪಾಪಗಳನ್ನು, ಬಗೆಬಗೆಯಾಗಿ, ಎಷ್ಟು ಸಲ ಎನ್ನುವುದನ್ನೂ ಸೇರಿಸಿ ಹೇಳಬೇಕು. ಮಾರಕ ಅನ್ನಿಸಿಕೊಳ್ಳಲು ವಿಷಯ ಗಂಭೀರವಾಗಿರಬೇಕು, ತಪ್ಪು ಎಂದು ಚೆನ್ನಾಗಿ ಗೊತ್ತಿರಬೇಕು, ಮನಸಾರೆ ಒಪ್ಪಿ ಮಾಡಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಅದು ಮಾರಕವಲ್ಲ.

ಹಾಗಾದರೆ ತಪ್ಪೋ ಸರಿಯೋ ಅನ್ನುವುದೇ ಅನುಮಾನವಾದರೆ? ಇಲ್ಲಿಂದ ಶುರುವಾಯಿತು ನಿಜವಾದ ರಂಪ. 1577ರಲ್ಲಿ ಸ್ಪೇನಿನ ಡೊಮಿನಿಕನ್ ಪಂಗಡದ ಗುರು ಬಾರ್ತೊಲೊಮೆ ದೆ ಮೆದೀನಾ, ಒಂದು ಅಭಿಪ್ರಾಯಕ್ಕೆ ಸಾಕಷ್ಟು ಆಧಾರವಿದ್ದರೆ ಅದನ್ನು ನಂಬಿ ನಡೆಯಬಹುದು, ಎದುರು ಅಭಿಪ್ರಾಯಕ್ಕೆ ಇನ್ನೂ ಹೆಚ್ಚು ಆಧಾರವಿದ್ದರೂ ಪರವಾಗಿಲ್ಲ ಎಂದ. ಜೆಸುಯಿಟರು ಎಂಬ ಇನ್ನೊಂದು ಪಂಗಡದ ಗುರುಗಳಲ್ಲಿ ಅನೇಕರು ಇದನ್ನು ಹಿಡಿದುಕೊಂಡರು. ಕೆಲವರ ಕೈಯಲ್ಲಿ ಅದು ಏನು ಮಾಡಿದರೂ ಒಂದು ನೆಪ ಹುಡುಕಿಕೊಡುವ ಕಲೆಯಾಯಿತು. 1656ರಲ್ಲಿ ಫ್ರಾನ್ಸಿನ ಗಣಿತಜ್ಞ, ಚಿಂತಕ ಪ್ಯಾಸ್ಕಲ್ ಈ ಜೆಸುಯಿಟರನ್ನು ಪತ್ರಗಳಲ್ಲಿ ಎಷ್ಟು ಗೇಲಿ ಮಾಡಿದನೆಂದರೆ ಆ ಕಳಂಕ ಪೂರ್ತಿ ಹೋಗಲೇ ಇಲ್ಲ. ರೋಮ್, ಅಂದರೆ ಪೋಪರ ಪೀಠ, 1679ರಲ್ಲಿ ತೀರಾ ಸಡಿಲ ಬಿಟ್ಟವರನ್ನು ಖಂಡಿಸಿತು. 1690ರಲ್ಲಿ ತೀರಾ ಬಿಗಿ ಹಿಡಿದವರನ್ನೂ ಬಿಡಲಿಲ್ಲ.

ನಡುದಾರಿ ತೋರಿಸಿದ್ದು ನೇಪಲ್ಸ್‌ನ ಅಲ್ಫೋನ್ಸಸ್ ಲಿಗೋರಿ. ಮೊದಲು ವಕೀಲ. 1723ರಲ್ಲಿ ದೊಡ್ಡದೊಂದು ಕೇಸು ಸೋತು ಕೋರ್ಟಿಗೇ ಬೆನ್ನುಹಾಕಿ ಗುರುವಾದರು. ಎರಡೂ ಕಡೆಯ ವಾದ ಕೇಳಿ ತೂಗುವ ವಕೀಲಿ ಬುದ್ಧಿ ಅವರ ಬರಹದಲ್ಲಿ ಕೊನೆತನಕ ಉಳಿಯಿತು ಅಂತ ನನಗನಿಸುತ್ತದೆ. 1950ರಲ್ಲಿ ಅವರನ್ನು ಪಾಪನಿವೇದನೆ ಕೇಳುವ ಗುರುಗಳ ಪಾಲಕ ಸಂತ ಎಂದು ಘೋಷಿಸಲಾಯಿತು.

1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಮಾತಿನ ಧಾಟಿಯನ್ನೇ ಬದಲಿಸಿತು. ಮನಸ್ಸಾಕ್ಷಿ ಎಂದರೆ ಮನುಷ್ಯ ದೇವರೊಡನೆ ಒಂಟಿಯಾಗಿರುವ ಗರ್ಭಗುಡಿ ಎಂದಿತು. ಮೂರೇ ವರ್ಷಕ್ಕೆ ಅದಕ್ಕೆ ಪರೀಕ್ಷೆ ಬಂತು. 1968ರಲ್ಲಿ ಪೋಪ್ ಆರನೇ ಪೌಲ್ ಕೃತಕ ಗರ್ಭನಿರೋಧ ತಪ್ಪು ಎಂದು ಸುತ್ತೋಲೆ ಹೊರಡಿಸಿದರು. ಪ್ರಾಮಾಣಿಕವಾಗಿ ಯೋಚಿಸಿ ತಮಗೆ ಸರಿ ಅನ್ನಿಸಿದ್ದನ್ನು ಆರಿಸಿಕೊಂಡ ದಂಪತಿಗಳ ಮನಸ್ಸಾಕ್ಷಿ ಶುದ್ಧವೇ ಎಂದು ಕೆನಡಾದ ಧರ್ಮಾಧ್ಯಕ್ಷರು ಅದೇ ವರ್ಷ ಹೇಳಿದರು. 1993ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಮತ್ತೆ ಗೆರೆ ಎಳೆದರು: ಕೆಲವು ಕೆಲಸಗಳು ಯಾವ ಸಂದರ್ಭದಲ್ಲೂ, ಎಂಥ ಒಳ್ಳೆಯ ಉದ್ದೇಶವಿದ್ದರೂ ತಪ್ಪೇ.

2016ರಲ್ಲಿ ವಿಷಯ ಒಂದು ಅಡಿಟಿಪ್ಪಣಿಗೆ ಬಂದು ನಿಂತಿತು. ವಿಚ್ಛೇದನ ಪಡೆದು ಮರುಮದುವೆಯಾದವರಿಗೆ ಕೆಲವು ಸಂದರ್ಭಗಳಲ್ಲಿ ಸಂಸ್ಕಾರಗಳ (ಪಾಪನಿವೇದನೆ, ಪರಮಪ್ರಸಾದದಂಥ ಪವಿತ್ರ ವಿಧಿಗಳ) ನೆರವೂ ಸಿಗಬಹುದು ಎನ್ನುವ ಅರ್ಥ ಬರುವ ಮಾತನ್ನು ಪೋಪ್ ಫ್ರಾನ್ಸಿಸ್ ತಮ್ಮ ಬೋಧನಾ ಪತ್ರವೊಂದರ 351ನೇ ಟಿಪ್ಪಣಿಯಲ್ಲಿ ಇಟ್ಟಿದ್ದರು. ನಾಲ್ವರು ಕಾರ್ಡಿನಲ್‌ಗಳು, ಅಂದರೆ ಪೋಪರ ನಂತರದ ಹಿರಿಯ ಗುರುಗಳು, ಹೌದೋ ಅಲ್ಲವೋ ಹೇಳಿ ಎಂದು ಐದು ಪ್ರಶ್ನೆ ಕಳಿಸಿದರು. ಫ್ರಾನ್ಸಿಸ್ ಅವರಿಗೆ ಉತ್ತರ ಬರೆಯಲಿಲ್ಲ. ಆ ಮಾತಿಗೆ ಉದಾರವಾದ ಅರ್ಥ ಕೊಟ್ಟಿದ್ದ ಅರ್ಜೆಂಟೀನಾದ ಧರ್ಮಾಧ್ಯಕ್ಷರಿಗೆ ಮಾತ್ರ ಇದಕ್ಕೆ ಬೇರೆ ಅರ್ಥವಿಲ್ಲ ಎಂದು ಬರೆದರು. ಪ್ರಶ್ನೆ ಕಳಿಸಿದ ನಾಲ್ವರಲ್ಲಿ ಇಬ್ಬರು ಮರುವರ್ಷ ತೀರಿಕೊಂಡರು.