ಹಳೆ ಕ್ರೋಮ್ ಬಂಪರ್‌ಗೆ ಬಣ್ಣ: ಕಡಿಮೆ ಖರ್ಚು, ಒಳ್ಳೆ ಬಾಳಿಕೆ

ಕಾಸರಗೋಡು ಜಿಲ್ಲೆಯ ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆ ಹಳೆ ಅಂಬಾಸಿಡರ್, ಪದ್ಮಿನಿ ಕಾರುಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ಇದ್ದಾರೆ. ಅಂಬಾಸಿಡರ್ ತಯಾರಿ 2014ರಲ್ಲಿ ನಿಂತಿತು, ಪದ್ಮಿನಿಯದು ಅದಕ್ಕೂ ಎಷ್ಟೋ ಮೊದಲು. ಇವುಗಳ ಬಂಪರ್ ಉಕ್ಕಿನದು, ಮೇಲೆ ಕ್ರೋಮ್. ಮತ್ತೆ ಕ್ರೋಮ್ ಹಾಕಿಸಬೇಕಾದರೆ ಹಳೆ ಪದರ ತೆಗೆದು, ಪಾಲಿಶ್ ಮಾಡಿ, ಹೊಸದಾಗಿ ಪ್ಲೇಟಿಂಗ್ ಮಾಡಬೇಕು, ಅಂದರೆ ಲೋಹದ ಪದರ ಕೂರಿಸಬೇಕು. ಖರ್ಚು ಜಾಸ್ತಿ. ಬಣ್ಣ ಹೊಡೆಯುವುದು ಅಗ್ಗ. ಆದರೆ ಒಂದೇ ಮಳೆಗಾಲಕ್ಕೆ ಬಣ್ಣ ಸಿಪ್ಪೆ ಎದ್ದು ಹೋಗುವುದೂ ಉಂಟು. ಹೆಚ್ಚಿನ ಸಲ ಕಾರಣ ಒಂದೇ: ಬಣ್ಣಕ್ಕೆ ಹಿಡಿದುಕೊಳ್ಳಲು ಜಾಗ ಸಿಕ್ಕಿರುವುದಿಲ್ಲ. ಟಿಂಕರಿಂಗ್, ಪೈಂಟಿಂಗ್ ಕಲಿಯುತ್ತಿರುವ ನಾವು ಮೊದಲು ಇದನ್ನು ಅರ್ಥ ಮಾಡಿಕೊಳ್ಳಬೇಕು.

ಹೊಳೆಯುವುದೆಲ್ಲ ಕ್ರೋಮ್ ಅಂತ ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಕ್ರೋಮ್ ಪದರ ಒಂದು ಮೈಕ್ರಾನ್‌ಗಿಂತಲೂ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ತೆಳು. ಅದರ ಕೆಳಗೆ ಎಷ್ಟೋ ಪಟ್ಟು ದಪ್ಪದ ನಿಕಲ್, ಕೆಲವು ಬಂಪರ್‌ಗಳಲ್ಲಿ ಅದರ ಕೆಳಗೆ ತಾಮ್ರ, ಆಮೇಲೆ ಉಕ್ಕು. ಕ್ರೋಮ್ ಗಾಳಿಗೆ ತಾಗಿದ ಕೂಡಲೇ ಅದರ ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಕೂರುತ್ತದೆ. ಅದು ಬಹಳ ನುಣುಪು, ಯಾವುದರ ಜೊತೆಗೂ ಸುಲಭಕ್ಕೆ ಸೇರುವುದಿಲ್ಲ. ಬಣ್ಣ ಜಾರುವುದು ಅಲ್ಲೇ.

ಇನ್ನು ತುಕ್ಕು. ಸತು ಲೇಪಿಸಿದ ಉಕ್ಕಿನ ಶೀಟಿನಲ್ಲಿ (ಜಿಐ ಶೀಟ್) ಸತು ತಾನು ಸವೆದು ಉಕ್ಕನ್ನು ಕಾಪಾಡುತ್ತದೆ. ಇಲ್ಲಿ ಆಗುವುದು ತಿರುಗಾಮುರುಗಾ. ನಿಕಲ್, ಕ್ರೋಮ್ ಎರಡೂ ಸುಲಭಕ್ಕೆ ಸವೆಯುವುದಿಲ್ಲ. ಪದರದಲ್ಲಿ ಸೂಜಿಮೊನೆಯಷ್ಟು ತೂತಾದರೆ ಸಾಕು, ಉಪ್ಪುನೀರು ಒಳಗಿಳಿದು ಅಲ್ಲಿನ ಉಕ್ಕನ್ನೇ ವೇಗವಾಗಿ ತಿನ್ನುತ್ತದೆ. ಸುತ್ತಲಿನ ದೊಡ್ಡ ಹೊಳೆಯುವ ಭಾಗ ಆ ಸಣ್ಣ ಚುಕ್ಕಿಯ ಮೇಲೆ ಪೂರಾ ಒತ್ತಡ ಹಾಕಿದ ಹಾಗೆ. ಕಡಲ ಗಾಳಿ ಬೀಸುವ ನಮ್ಮ ಊರುಗಳಲ್ಲಿ ಮೊದಲು ಚುಕ್ಕಿ ಚುಕ್ಕಿ ತುಕ್ಕು ಕಾಣುವುದು ಇದಕ್ಕೇ.

ಹಾಗಾಗಿ ಬಂಪರನ್ನು ಕಾರಿನಲ್ಲೇ ಬಿಟ್ಟು ಬಣ್ಣ ಹೊಡೆಯಬೇಡಿ. ಬಿಚ್ಚಿ. ಬೋಲ್ಟಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಹಿಂಬದಿ ನೋಡಿದರೆ ಗೊತ್ತಾಗುತ್ತದೆ: ಅಲ್ಲಿ ಪ್ಲೇಟಿಂಗ್ ಬಹಳ ತೆಳು, ಮಡಿಕೆಯಲ್ಲಿ ಕೆಸರು ಕೂತು ಒದ್ದೆಯಾಗಿಯೇ ಇರುತ್ತದೆ. ಮುಂದೆ ಎಷ್ಟು ಚಂದ ಮಾಡಿದರೂ ಹಿಂದೆ ತುಕ್ಕು ಬಿಟ್ಟರೆ ಅದು ಬೋಲ್ಟ್ ತೂತಿನಿಂದ ಮುಂದೆ ಬಂದೇ ಬರುತ್ತದೆ. ವೈರ್ ಬ್ರಷ್‌ನಿಂದ ಕೆರೆದು, ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ (ಉಳಿದ ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ದ್ರವ) ಹಚ್ಚಿ, ಡಬ್ಬದ ಮೇಲೆ ಹೇಳಿದ ಹಾಗೆ ತೊಳೆದು ಒಣಗಿಸಿ. ಟ್ಯಾನಿನ್ ಇರುವ ಕನ್ವರ್ಟರ್ ಆದರೆ ತುಕ್ಕು ಕಪ್ಪಾಗುತ್ತದೆ. ಬಾಳೆಕಾಯಿ ಹೆಚ್ಚಿದ ಕತ್ತಿ ಕಪ್ಪಾಗುವುದೂ ಇದೇ ರೀತಿ, ಟ್ಯಾನಿನ್ ಕಬ್ಬಿಣಕ್ಕೆ ಸೇರಿ.

ಉಜ್ಜುವ ಮೊದಲು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಉಪ್ಪು ಉಳಿದರೆ ಅದು ಬಣ್ಣದ ಅಡಿಯಲ್ಲಿ ನೀರು ಎಳೆದು ಗುಳ್ಳೆ ಎಬ್ಬಿಸುತ್ತದೆ. ಆಮೇಲೆ 180 ನಂಬರ್ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಉಪ್ಪುಕಾಗದ. ಕ್ರೋಮ್ ಉಕ್ಕಿಗಿಂತ ತುಂಬ ಗಟ್ಟಿ, ಪೇಪರ್ ಬೇಗ ಸವೆಯುತ್ತದೆ, ಕೈ ನೋಯುತ್ತದೆ. ಇಲ್ಲಿ ಅವಸರ ಬೇಡ. ನೀರು ಹಾಕಿ ಉಜ್ಜಿದರೆ ದೂಳು ಏಳುವುದಿಲ್ಲ. ನಿಕಲ್ ದೂಳು ಚರ್ಮಕ್ಕೂ ಶ್ವಾಸಕೋಶಕ್ಕೂ ಕೆಟ್ಟದ್ದು. ಉಜ್ಜುವಾಗ ಲೋಹದ ಬಣ್ಣ ನೋಡುತ್ತಾ ಹೋಗಿ. ಕ್ರೋಮ್‌ಗೆ ನೀಲಿ ಛಾಯೆ ಇದೆ, ನಿಕಲ್‌ಗೆ ಸ್ವಲ್ಪ ಹಳದಿ. ಹಳದಿ ಕಂಡರೆ ಕ್ರೋಮ್ ದಾಟಿದ್ದೀರಿ ಅಂತ. ಕೆಂಪು ಕಂಡ ಕಡೆ ತಾಮ್ರವೂ ಇರಬಹುದು, ತುಕ್ಕೆಂದು ಗಾಬರಿ ಬೇಡ. ಎಲ್ಲಾ ಕಡೆ ನಿಕಲ್ ಕಾಣಲೇಬೇಕು ಅಂತಿಲ್ಲ, ಆದರೆ ಒಂದು ಬೆರಳಗಲ ಹೊಳಪೂ ಉಳಿಯಬಾರದು. ಸಿಪ್ಪೆ ಏಳುತ್ತಿರುವ ಅಂಚನ್ನು ಗಟ್ಟಿ ಪದರ ಸಿಗುವವರೆಗೂ ಕೆರೆಯಿರಿ.

ಕೆಲವರು ಆಸಿಡ್‌ನಲ್ಲಿ ಕ್ರೋಮ್ ಕರಗಿಸಲು ಹೇಳುತ್ತಾರೆ. ಮನೆಯಲ್ಲಿ ಖಂಡಿತ ಮಾಡಬೇಡಿ. ಹೊಗೆ ಒಂದು ಕಡೆ, ಉಳಿದ ನೀರಿನಲ್ಲಿ ಕ್ರೋಮಿಯಂ, ನಿಕಲ್ ಇರುತ್ತದೆ. ಕಾಸರಗೋಡಿನಲ್ಲಿ ನಾವು ಕುಡಿಯುವುದು ಬಾವಿಯ ನೀರು, ಗುಡ್ಡ ಕೊರೆದು ಮಾಡಿದ ಸುರಂಗದ ನೀರು. ಮುರಕಲ್ಲಿನ ನೆಲಕ್ಕೆ ಸುರಿದದ್ದು ಅಲ್ಲಿಗೇ ಇಳಿಯುತ್ತದೆ.

ಉಜ್ಜಿದ ಮೇಲೆ ನೀರು ಸುರಿದು ನೋಡಿ. ನೀರು ಹಾಳೆಯ ಹಾಗೆ ಒಂದೇ ಸಮ ಹರಿದರೆ ಜಿಡ್ಡಿಲ್ಲ. ಹನಿ ಹನಿ ಒಡೆದರೆ ಇನ್ನೊಮ್ಮೆ ಸೋಪು ಹಾಕಿ ತೊಳೆಯಬೇಕು. ತೊಳೆದ ಕೂಡಲೇ ಒರೆಸಿ, ಬಿಸಿಲಿಗಿಡಿ.

ದುಡ್ಡು ಹಾಕುವುದಾದರೆ ಪ್ರೈಮರ್‌ಗೆ, ಅಂದರೆ ಬಣ್ಣದ ಅಡಿಯ ಮೊದಲ ಕೋಟ್‌ಗೆ ಹಾಕಿ. ಗಟ್ಟಿಯಾಗಲು ಹಾರ್ಡ್‌ನರ್ ಬೆರೆಸುವ ಎಪಾಕ್ಸಿ ಪ್ರೈಮರ್ ನನ್ನ ಆಯ್ಕೆ. ಅದು ಉಜ್ಜಿದ ಗೀರುಗಳಿಗೆ ಇಳಿದು ಕಚ್ಚುತ್ತದೆ, ನೀರನ್ನೂ ತಡೆಯುತ್ತದೆ. ಲೋಹವನ್ನು ಸ್ವಲ್ಪ ಕೊರೆದು ಹಿಡಿಯುವ ಎಚಿಂಗ್ ಪ್ರೈಮರ್‌ನ ಆಸಿಡ್ ಬರಿ ಉಕ್ಕಿಗೆ ಒಳ್ಳೆಯದು, ಕ್ರೋಮ್‌ಗೆ ಅಷ್ಟಾಗಿ ತಾಗುವುದಿಲ್ಲ. ಎರಡನ್ನೂ ಒಂದರ ಮೇಲೊಂದು ಹೊಡೆಯಲೂ ಹೋಗಬೇಡಿ, ಆಸಿಡ್‌ನಿಂದ ಎಪಾಕ್ಸಿ ಸರಿಯಾಗಿ ಗಟ್ಟಿಯಾಗದೆ ಇರಬಹುದು. ತಗ್ಗು ತುಂಬುವ ಪುಟ್ಟಿ ನೀರು ಹೀರುತ್ತದೆ. ಅದಕ್ಕೆ ಮೊದಲು ಎಪಾಕ್ಸಿ, ಅದರ ಮೇಲೆ ಪುಟ್ಟಿ, ಮತ್ತೆ ಪ್ರೈಮರ್. ಹಿಂಬದಿಗೂ ಇದನ್ನೇ ಹೊಡೆಯಿರಿ.

ಹವೆ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್ ತನಕ ಸುಮ್ನೆ ಕಾಯುವುದೇ ಲೇಸು. ಗಾಳಿಯಲ್ಲಿ ತೇವ ಜಾಸ್ತಿಯಿದ್ದರೆ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ನೀರು ಕೂರುತ್ತದೆ, ಬಣ್ಣ ಬಿಳಿಚಿಕೊಳ್ಳುತ್ತದೆ. ಡಿಸೆಂಬರ್, ಜನವರಿಯಲ್ಲೂ ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೇ ಶುರು ಮಾಡಿ.

ಬಣ್ಣಕ್ಕೆ ಸ್ಪ್ರೇ ಕ್ಯಾನ್ ಸಾಕು. 20ರಿಂದ 25 ಸೆಂಟಿಮೀಟರ್ ದೂರದಿಂದ ತೆಳುವಾಗಿ ಮೂರ್ನಾಲ್ಕು ಕೋಟ್, ನಡುವೆ 10-15 ನಿಮಿಷ ಬಿಡುವು. ಸಿಲ್ವರ್ ಹೊಡೆದರೆ ಕ್ರೋಮ್ ಆಗುವುದಿಲ್ಲ, ಪುಟ್ಟಿಯ ತಗ್ಗುದಿಣ್ಣೆಯೆಲ್ಲ ಎದ್ದು ಕಾಣುತ್ತದೆ. ಹೊಳಪು ಕಡಿಮೆಯಿರುವ ಕಪ್ಪು ಅದನ್ನು ಮುಚ್ಚುತ್ತದೆ, ಹಳೆ ಕಾರಿಗೆ ಒಪ್ಪುತ್ತದೆ ಕೂಡ. ಹಾರ್ಡ್‌ನರ್ ಇರುವ ಪಿಯು (ಪಾಲಿಯುರೆಥೇನ್) ಲ್ಯಾಕರ್ ಗಟ್ಟಿ, ಆದರೆ ಅದರಲ್ಲಿ ಉಸಿರಿಗೆ ಅಪಾಯದ ಐಸೊಸೈನೇಟ್ ಇದೆ. ಸಾದಾ ದೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ. ಸರಿಯಾದ ಮಾಸ್ಕ್, ಗಾಳಿಯ ವ್ಯವಸ್ಥೆ ಇಲ್ಲದಿದ್ದರೆ ಬಿಟ್ಟುಬಿಡಿ.

ಕೈಗೆ ಒಣಗಿದ ಹಾಗೆ ಅನಿಸಿದರೂ ಒಳಗೆ ಬಣ್ಣ ಮೆತ್ತಗಿರುತ್ತದೆ. ಒಂದು ವಾರ ಬಿಟ್ಟು ಜೋಡಿಸಿ. ಬೋಲ್ಟ್ ತೂತಿನ ಅಂಚಿಗೆ ಬ್ರಷ್‌ನಿಂದ ಪ್ರೈಮರ್ ಮುಟ್ಟಿಸಿ, ವಾಷರ್ ಅಡಿಗೆ ರಬ್ಬರ್ ತುಂಡು ಕೊಟ್ಟು, ಬಣ್ಣ ಬಿರಿಯದ ಹಾಗೆ ಕೈ ಸ್ಪ್ಯಾನರ್‌ನಿಂದಲೇ ನಿಧಾನ ಬಿಗಿಯಿರಿ.