ರೋಲ್ ಸೆಂಟರ್ ಅಂದ್ರೆ ಪಲ್ಟಿ ಹೊಡೆಯೋ ಜಾಗ ಅಲ್ಲ

"ರೋಲ್ ಸೆಂಟರ್ ಇಳಿಸಿದೀನಿ, ಇನ್ಮೇಲೆ ನನ್ ಆರ್‌ಸಿ ಕಾರು ತಿರುವಲ್ಲಿ ವಾಲಲ್ಲ" ಅಂತ ಯಾರೋ ಬರೆದಿದ್ದನ್ನ ಈ ವಾರ ಮತ್ತೆ ಓದಿದೆ (ಆರ್‌ಸಿ ಅಂದ್ರೆ ರಿಮೋಟಲ್ಲಿ ಓಡಿಸೋ ಪುಟ್ಟ ಕಾರು). ಆಗೋದು ಪೂರ್ತಿ ಉಲ್ಟಾ, ಇಳಿಸಿದ್ರೆ ಜಾಸ್ತಿ ವಾಲುತ್ತೆ.

ಗೊಂದಲ ಶುರುವಾಗೋದೇ 'ರೋಲ್' ಅನ್ನೋದ್ರಿಂದ. ನಮಗೆ ರೋಲ್ ಅಂದ ತಕ್ಷಣ ಉರುಳೋದು ನೆನಪಾಗುತ್ತೆ, ಬಂಡೆ ಉರುಳುತ್ತೆ, ಚಕ್ರ ಉರುಳುತ್ತೆ, ಅಲ್ಲಿಂದ ನೇರ ಪಲ್ಟಿಗೆ ಹೋಗಿಬಿಡ್ತೀವಿ. ಇಲ್ಲಿರೋ ರೋಲ್ ಅದಲ್ಲ ಸ್ವಾಮಿ, ಹಡಗು ಅಲೆಗೆ ಸಿಕ್ಕಿ ಎಡಕ್ಕೆ ಬಲಕ್ಕೆ ಓಲಾಡುತ್ತಲ್ಲ, ಆ ಓಲಾಟ. ತಿರುವಲ್ಲಿ ಷಾಸಿ, ಅಂದ್ರೆ ಕಾರಿನ ಚೌಕಟ್ಟು, ಹೊರಗಡೆಗೆ ವಾಲೋದೂ ಅದೇ. 'ವಾಲುಕೇಂದ್ರ' ಅಂತ ಕರೆದಿದ್ರೆ ಅರ್ಧ ಜಗಳ ಇರ್ತಿರ್ಲಿಲ್ಲ ಅನ್ಸುತ್ತೆ ನಂಗೆ.

ಇನ್ನು 'ಸೆಂಟರ್', ಅದು ತೂಕದ ಕೇಂದ್ರ ಅಲ್ಲ, ಬ್ಯಾಟರಿ ಜರುಗಿಸಿದ್ರೆ ರೋಲ್ ಸೆಂಟರ್ ಬದಲಾಗಲ್ಲ. ಕಾರನ್ನ ಮುಂದಿಂದ ನೋಡಿ, ಚಕ್ರನ ಷಾಸಿಗೆ ಜೋಡಿಸೋ ಮೇಲಿನ ಕಡ್ಡಿ, ಅಂದ್ರೆ ಕ್ಯಾಂಬರ್ ಲಿಂಕ್‌ದೊಂದು ಗೆರೆ, ಕೆಳಗಿನ ತೋಳು, ಅಂದ್ರೆ ಆರ್ಮ್‌ದೊಂದು ಗೆರೆ ಒಳಗಡೆಗೆ ಎಳ್ಕೊಂಡು ಹೋಗಿ, ಎರಡೂ ಸೇರೋ ಜಾಗಕ್ಕೆ ಟೈರು ನೆಲ ಮುಟ್ಟೋ ಕಡೆಯಿಂದ ಇನ್ನೊಂದು ಗೆರೆ ಎಳೀರಿ, ಅದು ಕಾರಿನ ನಡುಗೆರೆನ ಎಲ್ಲಿ ದಾಟುತ್ತೋ ಅದೇ ರೋಲ್ ಸೆಂಟರ್. ತೂಕದ ಕೇಂದ್ರ ಸಾಮಾನ್ಯವಾಗಿ ಅದಕ್ಕಿಂತ ಮೇಲಿರುತ್ತೆ, ಇವೆರಡರ ನಡುವಿನ ಅಂತರನೇ ಷಾಸಿನ ವಾಲಿಸೋ ಸನ್ನೆಕೋಲು. ಅಂತರ ಜಾಸ್ತಿಯಾದಷ್ಟೂ ವಾಲೋದು ಜಾಸ್ತಿ.

ಶಿಮ್, ಅಂದ್ರೆ ಎತ್ತರಿಸೋಕೆ ಅಡಿಗೆ ಕೊಡೋ ತೆಳು ಬಿಲ್ಲೆ, ಅದರ ವಿಷಯದಲ್ಲೂ ಇದೇ ಎಡವಟ್ಟು. ಲಿಂಕ್‌ನ ಒಳಗಡೆ ಬಾಲ್ ಸ್ಟಡ್ (ಲಿಂಕ್ ಸಿಕ್ಕಿಸೋ ಗುಂಡುತಲೆ ಮೊಳೆ) ಅಡಿಗೆ 1 ಮಿ.ಮೀ. ಶಿಮ್ ಹಾಕಿ "ಎತ್ತರಿಸಿದೆ" ಅಂತಾರೆ, ಆದ್ರೆ ಎತ್ತರ ಆಗಿದ್ದು ಸ್ಟಡ್ಡು, ರೋಲ್ ಸೆಂಟರ್ ಕೆಳಗಿಳಿದಿದೆ! ಅದೇ ಶಿಮ್ಮು ಕೆಳಗಿನ ಆರ್ಮ್‌ನ ಒಳಗಿನ ಪಿನ್ ಬ್ಲಾಕ್ (ಆರ್ಮ್ ಆಡೋ ಪಿನ್ನನ್ನ ಹಿಡಿಯೋ ತುಂಡು) ಅಡಿಗೆ ಹೋದ್ರೆ ರೋಲ್ ಸೆಂಟರ್ ಮೇಲೇರುತ್ತೆ, ಪರಿಣಾಮನೂ ಜೋರಾಗೇ ಇರುತ್ತೆ. ಮೇಲಿನ ಲಿಂಕ್ ಮುಟ್ಟಿದ್ರೆ ವಾಲಿದಾಗ ಕ್ಯಾಂಬರ್, ಅಂದ್ರೆ ಮುಂದಿಂದ ನೋಡಿದ್ರೆ ಕಾಣೋ ಚಕ್ರದ ಓರೆ, ಎಷ್ಟು ಬದಲಾಗುತ್ತೆ ಅನ್ನೋದೂ ಜೊತೆಗೇ ಬದಲಾಗುತ್ತೆ, ಅದನ್ನ ಮರೀಬೇಡಿ.

ಕಾರು ತಗ್ಗಿಸಿದ್ರೆ ವಾಲೋದು ಕಮ್ಮಿ ಅನ್ನೋದೂ ಯಾವಾಗ್ಲೂ ನಿಜ ಅಲ್ಲ. ತಗ್ಗಿಸಿದಾಗ ಆರ್ಮ್‌ಗಳ ಓರೆ ಬದಲಾಗಿ ರೋಲ್ ಸೆಂಟರ್ ಬಹಳ ಸಲ ತೂಕದ ಕೇಂದ್ರಕ್ಕಿಂತ ಬೇಗ ಇಳಿದುಬಿಡುತ್ತೆ, ಅಂತರ ಇನ್ನೂ ಹಿಗ್ಗುತ್ತೆ. ಹಾಗಂತ ರೋಲ್ ಸೆಂಟರ್ ಇಳಿಸೋದೇ ತಪ್ಪು ಅಂತಲ್ಲ, ಜಾರೋ ಟ್ರ್ಯಾಕಲ್ಲಿ ಕೆಳಗಿದ್ರೇನೇ ಹಿಡಿತ ಸಿಗೋದು, ಕಾರ್ಪೆಟ್ ಥರ ಅಂಟೋ ಕಡೆ ಎತ್ತರ ಇಟ್ರೆ ಸ್ಟೇರಿಂಗಿಗೆ ಚುರುಕಾಗಿ ತಿರುಗುತ್ತೆ. ಪಿನ್ ಬ್ಲಾಕ್ ಅಡಿ ಶಿಮ್ ಬದಲಾಯಿಸಿದ ಮೇಲೆ ರೈಡ್ ಹೈಟು (ನೆಲದಿಂದ ಷಾಸಿ ಎತ್ತರ), ಡ್ರೂಪು (ಚಕ್ರ ಕೆಳಗೆ ಎಷ್ಟು ಇಳಿಬೀಳುತ್ತೆ ಅನ್ನೋದು), ಕ್ಯಾಂಬರು ಮೂರನ್ನೂ ತಪ್ಪದೇ ಮತ್ತೆ ಅಳೀರಿ, ಇಲ್ದಿದ್ರೆ ಆದ ಬದಲಾವಣೆ ಯಾವುದ್ರಿಂದ ಬಂತು ಅಂತಲೇ ಗೊತ್ತಾಗಲ್ಲ.